ಮೊದಲಿನ ಹಾಗೆ

ಕಾರು ಮುಗಿದ ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಗ್ರೀಸಿನ ಕಲೆಯ ಲುಂಗಿ ಉಟ್ಟು, ಕಾಫಿ ಲೋಟ ಹಿಡಿದು ಶೆಡ್ಡಿಗೆ ಹೋದೆ. ಅಲ್ಲಿ ನನಗೆ ಮಾಡಲು ಏನೂ ಇರಲಿಲ್ಲ. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಕಾರಿನ ಎಲ್ಲ ಭಾಗಗಳೂ ಕಾರಿನಲ್ಲೇ ಇದ್ದವು. ಚಕ್ರಗಳು ನಾಲ್ಕೂ ನೆಲದ ಮೇಲಿದ್ದವು, ಬಾಗಿಲುಗಳು ತಮ್ಮ ತಮ್ಮ ಚೌಕಟ್ಟಿನಲ್ಲಿದ್ದವು, ಬಾನೆಟ್ಟು ಅತಿಥಿಗಳ ಕೋಣೆಯ ಮಂಚದ ಕೆಳಗಿರಲಿಲ್ಲ. ಲೋಟವನ್ನು ಎಂದಿನಂತೆ ಮಡ್‌ಗಾರ್ಡಿನ ಮೇಲಿಡಲು ಹೋಗಿ ಕೈ ಹಿಂದಕ್ಕೆಳೆದುಕೊಂಡೆ. ಹೊಸ ಬಣ್ಣ. ನೆಂಟರ ಮನೆಯಲ್ಲಿ ಕುಡಿಯುವವನ ಹಾಗೆ ನಿಂತುಕೊಂಡೇ, ಒಂದು ಹನಿಯೂ ಚೆಲ್ಲದಂತೆ ಕುಡಿದು ಒಳಗೆ ಬಂದೆ.

1967ರ ಫಿಯೆಟ್ 1100 ಡಿ. ದೊಡ್ಡಪ್ಪನದು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಅವರು ಇದನ್ನು ಕೊಂಡದ್ದು 1976ರಲ್ಲಿ, ಅದೂ ಸೆಕೆಂಡ್ ಹ್ಯಾಂಡ್. ಹೊಸ ಫಿಯೆಟ್ಟಿಗೆ ದುಡ್ಡು ಕಟ್ಟಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ. ಮಗಳು ಹುಟ್ಟಿದಾಗ ಬುಕ್ ಮಾಡಿದರೆ ಅವಳ ದಿಬ್ಬಣಕ್ಕೆ ಬರುತ್ತದೆ ಎಂದು ಮಂಡಿಯಲ್ಲಿ ನಗುತ್ತಿದ್ದರಂತೆ. ಕಾಯುವ ಸ್ವಭಾವ ದೊಡ್ಡಪ್ಪನದಲ್ಲ. ಯಾರೋ ಅಧಿಕಾರಿ ವರ್ಗವಾಗಿ ಹೋಗುವಾಗ ಮಾರಿದ್ದನ್ನು ಕೊಂಡುಬಿಟ್ಟರು. 1994ರಲ್ಲಿ ಅವರು ತೀರಿಕೊಂಡ ಮೇಲೆ ಕಾರು ತೋಟದ ಮನೆಯ ಕೊಟ್ಟಿಗೆ ಸೇರಿತು. 2013ರಲ್ಲಿ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಅದನ್ನು ಗುಜರಿಗೆ ಹಾಕುತ್ತೇನೆಂದಾಗ ನಾನು ಆವೇಶದಲ್ಲಿ ಬೇಡವೆಂದೆ. ನೋಡಲು ಹೋದಾಗ ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಅದು ಮರಿ ಮಾಡುವವರೆಗೆ ಎರಡು ವಾರ ಲಾರಿ ಕರೆಸಲಿಲ್ಲ. ಈ ಕಾರಿಗಾಗಿ ಕಾಯುವುದು ಅಲ್ಲಿಂದಲೇ ಶುರುವಾಯಿತು.

ಮೈಸೂರಿನ ನಮ್ಮ ಮನೆಯ ಮುಂದೆ ಲಾರಿಯಿಂದ ಅದನ್ನು ಇಳಿಸುವಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ದಿನ ಹಿಡಿಯುತ್ತದೆ?"

"ಆರು ತಿಂಗಳು. ಮೊದಲಿನ ಹಾಗೆ ಮಾಡಿಬಿಡುತ್ತೇನೆ" ಎಂದೆ.

ಆರು ತಿಂಗಳೆಂದದ್ದು ಸುಳ್ಳಾಯಿತು, ಸರಿ. ಅದು ಎಲ್ಲರೂ ಹೇಳುವ ಸುಳ್ಳು. ನನ್ನನ್ನು ಸಿಕ್ಕಿಸಿದ್ದು 'ಮೊದಲಿನ ಹಾಗೆ' ಎಂಬ ಮಾತು.

ಮೊದಲಿಗೆ ತುಕ್ಕು. ಈ ಕಾರಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ. ಮೈಯೇ ಎಲುಬು. ಬಾಗಿಲ ಕೆಳಗಿನ ತಗಡು ಹೋಯಿತೆಂದರೆ ಅಂದ ಮಾತ್ರ ಹೋಯಿತೆಂದಲ್ಲ, ಕಾರಿನ ನಡುವೇ ಬಿತ್ತೆಂದು ಅರ್ಥ. ಟಿಂಕರಿಂಗ್ ಮೇಸ್ತ್ರಿ ಬಂದವರು ಏನೂ ಮಾತಾಡದೆ ಸ್ಕ್ರೂಡ್ರೈವರಿನ ಹಿಡಿಯಿಂದ ಅಲ್ಲಲ್ಲಿ ಕುಟ್ಟಿ, ಕಿವಿಗೊಟ್ಟು ಕೇಳುತ್ತ ಸುತ್ತು ಬಂದರು. ಹಲಸಿನ ಹಣ್ಣು ಆರಿಸುವವರು ಹಾಗೆ ಕೇಳುತ್ತಾರೆ. 'ಟಣ್' ಎಂದರೆ ತಗಡು, 'ಡೊಪ್' ಎಂದರೆ ತುಕ್ಕು. ಮುಂದಿನ ಸೀಟಿನ ಕೆಳಗೆ ಕುಟ್ಟಿದಾಗ ಶಬ್ದವೇ ಬರಲಿಲ್ಲ, ಸ್ಕ್ರೂಡ್ರೈವರು ಒಳಗೆ ಹೋಯಿತು. ಆ ತೂತಿನಲ್ಲಿ ನಮ್ಮ ಶೆಡ್ಡಿನ ನೆಲ ಕಂಡಿತು. "ಗಾಳಿ ಚೆನ್ನಾಗಿ ಬರುತ್ತದೆ ಸ್ವಾಮಿ" ಎಂದರು ಮೇಸ್ತ್ರಿ. ನೆಲದ ತಗಡು ಕತ್ತರಿಸಿ, ಬಡಿದು, ಬೆಸೆಯುವುದಕ್ಕೇ ಎರಡು ವರ್ಷ ಹೋಯಿತು. ನಡುವೆ ಅವರ ಮಗಳ ಮದುವೆ, ನನ್ನ ಮಗನ ಕಾಲೇಜು ಫೀಸು, ಆಮೇಲೆ ಎಲ್ಲರಿಗೂ ಬಂದ ಕೊರೋನಾ.

ಸಾಮಾನಿನ ಕಥೆ ಅಷ್ಟು ದುಃಖದ್ದಲ್ಲ. ಫಿಯೆಟ್ 1100 ಹುಟ್ಟಿದ್ದು ಇಟಲಿಯಲ್ಲಿ. ಅಲ್ಲಿಯವರು ಅದನ್ನು 'ಮಿಲ್ಲೆಚೆಂತೊ', ಅಂದರೆ ಸಾವಿರದ ನೂರು, ಎಂದು ಕರೆದರು. ಎಂಜಿನ್ ನಿಜಕ್ಕೂ 1089 ಸಿಸಿ; ನಮ್ಮ ಮಂಡಿಯವರಂತೆ ಇಟಲಿಯವರೂ ಲೆಕ್ಕವನ್ನು ಮೇಲಕ್ಕೇ ಸರಿಮಾಡುತ್ತಾರೆ. ಅರುವತ್ತರ ದಶಕ ಮುಗಿಯುವಷ್ಟರಲ್ಲಿ ತವರು ಇದನ್ನು ಮರೆತಿತು. ಆದರೆ ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಾರ್ಖಾನೆಯವರು ಮಾಡುತ್ತಲೇ ಹೋದರು. 1974ರಲ್ಲಿ ಪದ್ಮಿನಿ ಎಂದು ರಾಣಿಯ ಹೆಸರಿಟ್ಟು, ಮೂಗು ಮುಖ ತಿದ್ದಿ, ಮತ್ತೆ ಕಾಲು ಶತಮಾನ ಅದನ್ನೇ ಮಾಡಿದರು. ಹೀಗಾಗಿ 1967ರ ಕಾರಿನ ಹೊಟ್ಟೆಯೊಳಗಿನ ಎಷ್ಟೋ ಸಾಮಾನಿಗೆ ತೊಂಬತ್ತರ ದಶಕದ ಪದ್ಮಿನಿಯದೇ ಆಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪಿಸ್ಟನ್ ರಿಂಗ್ ಕೇಳಿದರೆ ಅಂಗಡಿಯವನು ಹುಬ್ಬೇರಿಸದೆ ಅಟ್ಟ ಹತ್ತಿದ. ಸಿಗದೇ ಹೋದದ್ದು ಮುಖದ ಸಾಮಾನು. ಹಳೆಯ ಗ್ರಿಲ್ಲು, ಅದರ ಕ್ರೋಮ್ ಪಟ್ಟಿ, ಹಿಂದಿನ ದೀಪದ ಗಾಜು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳು ಗುಜರಿಗೆ ಹೋಗುತ್ತಿದ್ದ ಕಾಲದಲ್ಲಿ ಅಲ್ಲಿನ ಸ್ನೇಹಿತನೊಬ್ಬ ಏನೇನೋ ಬಿಚ್ಚಿಸಿ ಕಳಿಸುತ್ತಿದ್ದ. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಾಗ ಪತ್ರಿಕೆಗಳಲ್ಲಿ ಭಾವುಕ ಲೇಖನಗಳು ಬಂದವು. ನನಗೆ ಮೊದಲು ಹೊಳೆದದ್ದು, ಇನ್ನು ಬಾಗಿಲ ಹಿಡಿಗೆ ಯಾರನ್ನು ಕೇಳಲಿ ಎಂಬುದು. ಹಳೆಯ ಕಾರಿನವರು ಸಾವಿನ ಸುದ್ದಿ ಓದುವುದೇ ಬೇರೆ ರೀತಿ.

ಎಂಜಿನ್ ಮೊದಲ ಸಲ ಉಸಿರಾಡಿದ್ದು ಒಂಬತ್ತನೆಯ ವರ್ಷ. ಬೋರ್ ಮಾಡಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಕೂರಿಸಿಯಾಗಿತ್ತು. ಎಂಜಿನ್ ಮೇಸ್ತ್ರಿ ಟೀ ಕುಡಿಯಲು ಹೋದರು. ಉಳಿದದ್ದು ಪ್ಲಗ್ಗಿನ ನಾಲ್ಕು ವೈರು ಸಿಕ್ಕಿಸುವ ಕೆಲಸ. ಅಷ್ಟು ನನಗೆ ಬಾರದೆ? ಈ ಎಂಜಿನ್ನಿನಲ್ಲಿ ಬೆಂಕಿ ಹತ್ತುವ ಕ್ರಮ ಒಂದು, ಮೂರು, ನಾಲ್ಕು, ಎರಡು. ಅದನ್ನು ನಾನು ವರ್ಷಗಳಿಂದ ಸ್ನಾನ ಮಾಡುವಾಗಲೂ ಜಪಿಸಿಕೊಂಡು ಬಂದಿದ್ದೆ. ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಸುತ್ತ ಒಂದು, ಮೂರು, ನಾಲ್ಕು, ಎರಡು ಎಂದು ಸಿಕ್ಕಿಸಿದೆ. ಕೀಲಿ ತಿರುಗಿಸಿದೆ. 'ಢಂ' ಎಂದು ಕಾರ್ಬುರೇಟರಿನ ಬಾಯಿಂದ ಒಂದು ಗೇಣು ಬೆಂಕಿ ಬಂತು. ಪಕ್ಕದ ಮನೆಯ ನಾಯಿ ಅಂದು ಸಂಜೆಯವರೆಗೆ ನೀರಿನ ತೊಟ್ಟಿಯ ಹಿಂದಿನಿಂದ ಹೊರಗೆ ಬರಲಿಲ್ಲ. ಮೇಸ್ತ್ರಿ ಟೀ ಅರ್ಧಕ್ಕೆ ಬಿಟ್ಟು ಓಡಿ ಬಂದರು, ನನ್ನ ಹುಬ್ಬು ನೋಡಿದರು, ಮುಚ್ಚಳ ನೋಡಿದರು, ಎರಡು ಮತ್ತು ಮೂರರ ವೈರುಗಳನ್ನು ಅದಲುಬದಲು ಮಾಡಿದರು.

"ಮಂತ್ರ ಸರಿಯಾಗಿದೆ ಸ್ವಾಮಿ. ಪ್ರದಕ್ಷಿಣೆ ಉಲ್ಟಾ ಆಗಿದೆ."

ಒಳಗಿನ ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ಎಣಿಸಿಬಿಟ್ಟಿದ್ದೆ. ಮತ್ತೆ ಕೀಲಿ ತಿರುಗಿಸಿದಾಗ ಎಂಜಿನ್ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಹೊಲಿಗೆ ಯಂತ್ರದ ಹಾಗೆ ಒಂದೇ ಲಯಕ್ಕೆ ಬಂತು. ಹೆಂಡತಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ನೋಡಿದಳು. "ಇಷ್ಟು ಮೆಲ್ಲಗೆ ಓಡುತ್ತದೆಯೇ?" ಎಂದಳು. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಆಮೇಲೆ ಸಿಕ್ಕಿಲ್ಲ.

ಬಣ್ಣದ ಹೊತ್ತಿಗೆ ನನ್ನ ಮಾತು ನನಗೇ ತಿರುಗಿ ಬಂತು. ಎಡಗಡೆಯ ಹಿಂದಿನ ಬಾಗಿಲಿನ ಮೂಲೆಯಲ್ಲಿ ಅಂಗೈಯಷ್ಟು ಜಾಗವನ್ನು ನೀರು ಹಾಕಿ ವಾಟರ್ ಪೇಪರಿನಿಂದ ಉಜ್ಜಿದೆ. ಮೇಲೆ ಕೆನೆ ಬಣ್ಣ. ಅದರ ಕೆಳಗೆ ತಿಳಿನೀಲಿ. ಅದರ ಕೆಳಗೆ ಮಂಕಾದ ಬೂದುಹಸಿರು. ಅದಕ್ಕೂ ಕೆಳಗೆ ಕೆಂಪು ಪ್ರೈಮರು, ಆಮೇಲೆ ತಗಡು. ಮರದ ಕೊರಡಿನಲ್ಲಿ ವರ್ಷದ ಉಂಗುರಗಳಿರುತ್ತವಲ್ಲ, ಹಾಗೆ. ಯಾವುದು ಮೊದಲಿನದು?

ಮನೆಮಂದಿಗೆಲ್ಲ ಫೋನು ಮಾಡಿದೆ. ಅಣ್ಣ, ಅದು ಎಂದೆಂದಿಗೂ ಕೆನೆ ಬಣ್ಣವೇ ಎಂದ. ಅಕ್ಕ, ಖಂಡಿತ ನೀಲಿ ಎಂದಳು. 1979ರಲ್ಲಿ ತನ್ನ ದಿಬ್ಬಣ ಹೊರಟದ್ದು ಅದರಲ್ಲೇ, ನೀಲಿಯ ಮೇಲೆ ಕನಕಾಂಬರದ ಮಾಲೆ ಎದ್ದು ಕಾಣುತ್ತಿತ್ತು ಎಂದಳು. ಮದುವೆಯ ಫೋಟೋ ತೆಗೆಸಿ ನೋಡಿದರೆ ಅದು ಕಪ್ಪು-ಬಿಳುಪು. ಇಬ್ಬರೂ ಒಂದು ವಾರ ಮಾತು ಬಿಟ್ಟರು. ಕೊನೆಗೆ ದೊಡ್ಡಮ್ಮನನ್ನೇ ಕೇಳಿದೆ. "ಬಣ್ಣವೇ? ಸದಾ ಧೂಳೇ ಇರುತ್ತಿತ್ತಲ್ಲ ಮಗು" ಎಂದರು.

ನಾನು ನಿಷ್ಠಾವಂತ. ತಳದ ಬೂದುಹಸಿರನ್ನೇ ಹಿಡಿದೆ. ಬಣ್ಣದ ಅಂಗಡಿಯಲ್ಲಿ ಆ ಅಂಗೈಯಷ್ಟು ಜಾಗದ ಮುಂದೆ ಹಿಡಿದು ಹಿಡಿದು ಬೆರೆಸಿ ಹೊಂದಿಸಿದೆವು. ಆಮೇಲೆ ಹೊಳೆಯಿತು: ನಮ್ಮ ವಂಶದಲ್ಲಿ ಈ ಕಾರನ್ನು ಈ ಬಣ್ಣದಲ್ಲಿ ಕಂಡವರೇ ಇಲ್ಲ. ದೊಡ್ಡಪ್ಪ ಕೊಳ್ಳುವಷ್ಟರಲ್ಲೇ ಅದು ನೀಲಿಯಾಗಿತ್ತು. ನಾನು ಹನ್ನೊಂದು ವರ್ಷ ಕಷ್ಟಪಟ್ಟು ಮರಳಿ ತಂದದ್ದು ಯಾರೋ ಗೊತ್ತಿಲ್ಲದ ಅಧಿಕಾರಿಯ ಕಾರನ್ನು.

ಸರ್ಕಾರಕ್ಕೂ 'ಮೊದಲಿನ ಹಾಗೆ'ಯ ಮೇಲೆ ಪ್ರೀತಿ ಇದೆ. 2021ರಲ್ಲಿ ಬಂದ ನಿಯಮದ ಪ್ರಕಾರ ಮೊದಲು ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ಸ್ವರೂಪದಲ್ಲೇ ಉಳಿಸಿಕೊಂಡ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹಳೆಯ ನಂಬರೇ ಉಳಿಯುತ್ತದೆ. ನಮ್ಮದು ಮೈಸೂರು ರಾಜ್ಯದ ಕಾಲದ್ದು, 'ಎಂವೈ' ಎಂದು ಶುರುವಾಗುವಂಥದ್ದು. ಆ ಫಲಕವನ್ನು ಬಿಳಿ ಬಣ್ಣದಲ್ಲಿ ಕೈಯಿಂದ ಬರೆಸಿದೆ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ರಿಪೇರಿಗೆ, ಪೆಟ್ರೋಲ್ ತುಂಬಿಸಲು ಹೋಗಬಹುದು, ಬರಬಹುದು. ಹನ್ನೊಂದು ವರ್ಷ ಮನೆಯಲ್ಲಿ ನಿಂತದ್ದು ಓಡಲು ಬಂದಾಗ ಮನೆಯಲ್ಲೇ ನಿಲ್ಲು ಎಂದ ಹಾಗಾಯಿತು. ಆದರೂ ನಿಯಮವನ್ನು ಮತ್ತೆ ಮತ್ತೆ ಓದಿದೆ. ಯಾವ ದಾರಿಯಲ್ಲಿ ಹೋಗಿ ಪೆಟ್ರೋಲ್ ಹಾಕಿಸಬೇಕೆಂದು ಅದರಲ್ಲಿ ಬರೆದಿರಲಿಲ್ಲ.

ಮುಗಿದ ಕಾರಿನಿಂದ ಆಗುವ ನಷ್ಟವನ್ನು ಯಾರೂ ಮೊದಲೇ ಹೇಳುವುದಿಲ್ಲ. ಹನ್ನೊಂದು ವರ್ಷ ಬೀದಿಯವರು ನನ್ನನ್ನು ಮಾತಾಡಿಸುತ್ತಿದ್ದದ್ದೇ "ಕಾರು ಎಲ್ಲಿಗೆ ಬಂತು?" ಎಂದು. ಶೆಡ್ಡಿನಿಂದ ಅರ್ಧ ಅಡಿಯೂ ಅಲುಗದ ಕಾರಿನ ಬಗ್ಗೆ ಎಂಥ ಚೆಂದದ ಪ್ರಶ್ನೆ! ಅವರಿಗೆ ಈಗ ಕೇಳಲು ಏನೂ ಇಲ್ಲ. ತರಕಾರಿ ತರಲು ಹೇಳಿದಾಗ "ಕೈಯೆಲ್ಲ ಆಯಿಲು" ಎನ್ನುವ ನೆಪವೂ ಹೋಯಿತು. ಮುಗಿಸಿದವರು ಮುಂದೇನು ಮಾಡುತ್ತಾರೆಂದು ತಿಳಿಯಲು ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯಕ್ಕೂ ಹೋಗಿಬಂದೆ. ಉಳಿದವರು ಅಲ್ಲಿನ ಕಾರುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನಾನು ಬಗ್ಗಿ ಬಗ್ಗಿ ಕೆಳಗೆ ಆಯಿಲ್ ಸೋರಿದೆಯೇ ಎಂದು ನೋಡುತ್ತಿದ್ದೆ. ಹಾಂ, ಏಳು ಬೋಲ್ಟು ಉಳಿದಿವೆ. ಬಿಸ್ಕತ್ತಿನ ಡಬ್ಬಿಯಲ್ಲಿ. ಎಲ್ಲಿಯವೋ ಗೊತ್ತಿಲ್ಲ. ಕಾರು ಓಡುತ್ತದೆ, ಆ ಬಗ್ಗೆ ಹೆಚ್ಚು ಕೇಳಬಾರದು.

ಕಳೆದ ತಿಂಗಳು ದೊಡ್ಡಮ್ಮ ಕಣ್ಣಿನ ಪರೀಕ್ಷೆಗೆಂದು ಬಂದು ನಾಲ್ಕು ದಿನ ನಮ್ಮಲ್ಲಿದ್ದರು. ಎಂಬತ್ತನಾಲ್ಕು ವರ್ಷ. ಕಾರಿನ ಸುತ್ತ ಒಂದು ಸುತ್ತು ಬಂದು, ಮುಟ್ಟಿ, "ಚೆನ್ನಾಗಿದೆ ಮಗು, ಯಾರದು?" ಎಂದರು. ನಿಮ್ಮದೇ ಎಂದು ಹೇಳಿದರೂ ನಂಬಲಿಲ್ಲ. ಅವರನ್ನು ಹಿಂದಿನ ಸೀಟಿನ ಎಡಗಡೆ, ಒಂದು ಕಾಲದಲ್ಲಿ ಕೋಳಿ ಕೂತಿದ್ದ ಜಾಗದಲ್ಲಿ, ಕೂರಿಸಿಕೊಂಡು ಪೆಟ್ರೋಲ್ ಹಾಕಿಸಲು ಹೊರಟೆ. ಬಂಕು ಮನೆಯಿಂದ ಮುಕ್ಕಾಲು ಕಿಲೋಮೀಟರು. ನಾವು ಲಲಿತಮಹಲಿನ ಮೇಲೆ ಹೋಗಿ, ಚಾಮುಂಡಿ ಬೆಟ್ಟದ ತಪ್ಪಲು ಸುತ್ತಿ, ಒಂದು ಗಂಟೆಯ ಮೇಲೆ ಬಂಕು ತಲುಪಿದೆವು. ಸ್ಟೇರಿಂಗಿನ ಕತ್ತಿನಲ್ಲಿರುವ ಗೇರನ್ನು ನಾನು ಎಳೆದಾಗಲೆಲ್ಲ ಹಿಂದಿನಿಂದ "ಮೆಲ್ಲಗೆ" ಎಂಬ ದನಿ ಬರುತ್ತಿತ್ತು. ಆ ದನಿಗೆ ಅಭ್ಯಾಸವಿತ್ತು, ಆ ಗೇರಿಗೂ ಇದ್ದಿರಬೇಕು.

ಮನೆಗೆ ಬಂದು ಇಳಿದೆ. ನನ್ನ ಬಾಗಿಲನ್ನು ಎರಡು ಬೆರಳಿನಿಂದ ತಳ್ಳಿದೆ. 'ಕ್ಲಿಕ್'. ಈ ಬಾಗಿಲು ಹೀಗೆ ಕೂರಲೆಂದು ಟಿಂಕರಿಂಗ್ ಮೇಸ್ತ್ರಿ ಮೂರು ವಾರ ಕೀಲು ಎತ್ತಿ, ಇಳಿಸಿ, ಬೀಡಿಂಗ್ ಬದಲಿಸಿ ಒದ್ದಾಡಿದ್ದರು. ಸುತ್ತಿ ಬಂದು ಹಿಂದಿನ ಬಾಗಿಲು ತೆಗೆದರೆ ದೊಡ್ಡಮ್ಮ ಅಲುಗದೆ ಕೂತಿದ್ದರು.

"ಇಳಿಯಿರಿ ದೊಡ್ಡಮ್ಮ, ಮನೆ ಬಂತು."

"ನೀನಿನ್ನೂ ಬಾಗಿಲು ಹಾಕಿಲ್ಲವಲ್ಲ."

"ಹಾಕಿದೆನಲ್ಲ."

"ಇಲ್ಲ. ಎರಡು ಸಲ ಹಾಕಬೇಕು ಅದನ್ನು. ಮೊದಲನೆಯದಕ್ಕೆ ಹಾಕಿಕೊಳ್ಳುವುದಿಲ್ಲ." ಸೆರಗು ಸರಿಮಾಡಿಕೊಳ್ಳುತ್ತ ಇಳಿದರು. "ನಿಮ್ಮ ದೊಡ್ಡಪ್ಪ ಮಂಡಿಯಿಂದ ಬಂದರೆ ಎರಡನೆಯ ಸದ್ದು ಕೇಳಿದ ಮೇಲೇ ನಾನು ಸಾರು ಬಿಸಿಗಿಡುತ್ತಿದ್ದದ್ದು."

ಅಂದು ಸಂಜೆ ಎಲ್ಲರೂ ಒಳಗಿದ್ದಾಗ ಹಳೆಯ ಲುಂಗಿ ಉಟ್ಟು ಶೆಡ್ಡಿಗೆ ಹೋದೆ. ಬಾಗಿಲ ಚೌಕಟ್ಟಿನಲ್ಲಿ ಚಿಲಕ ಕಚ್ಚಿಕೊಳ್ಳುವ ತುಂಡೊಂದಿರುತ್ತದೆ. ಅದರ ಸ್ಕ್ರೂಗಳನ್ನು ಸಡಿಲಿಸಿ, ತುಂಡನ್ನು ಒಂದು ಕೂದಲಿನಷ್ಟು ಒಳಕ್ಕೆ ಸರಿಸಿ, ಮತ್ತೆ ಬಿಗಿಮಾಡಿದೆ. ಮೇಸ್ತ್ರಿಗೆ ಇನ್ನೂ ಹೇಳಿಲ್ಲ.