ಸತ್ಯಾಂಶ: ಶೇ. 30 ಬೆಂಬಲ ಅಂದರೆ ಶೇ. 30 ಸೀಟು ಅಲ್ಲ

"ಬ್ರಿಟನ್‌ನಲ್ಲಿ ಸಮೀಕ್ಷೆ ಒಂದು ಪಕ್ಷಕ್ಕೆ ಶೇ. 30 ಬೆಂಬಲ ಕೊಟ್ಟರೆ, ಸಂಸತ್ತಿನಲ್ಲೂ ಶೇ. 30 ಸೀಟು ಗ್ಯಾರಂಟಿ" ಎಂಬ ಮೆಸೇಜ್ ಓಡಾಡುತ್ತಿದೆ. ಇದು ಸರಿಯಲ್ಲ.

ಅಲ್ಲಿ 650 ಕ್ಷೇತ್ರಗಳಿವೆ. ಪ್ರತಿ ಕ್ಷೇತ್ರದಲ್ಲೂ ಎಲ್ಲರಿಗಿಂತ ಜಾಸ್ತಿ ಮತ ಪಡೆದವರು ಗೆಲ್ಲುತ್ತಾರೆ. ನಮ್ಮ ವಿಧಾನಸಭೆಗೂ ಹೀಗೇ ಅಲ್ವಾ? ಹಾಗಾಗಿ ಮತ ಎಷ್ಟು ಬಂತು ಅನ್ನುವಷ್ಟೇ, ಎಲ್ಲಿ ಬಂತು ಅನ್ನುವುದೂ ಮುಖ್ಯ. 2024ರಲ್ಲಿ ಲೇಬರ್ ಪಕ್ಷ ಸುಮಾರು ಶೇ. 34 ಮತ ಪಡೆದು 411 ಸೀಟು ಗೆದ್ದಿತು. ರಿಫಾರ್ಮ್ ಯುಕೆ ಎಂಬ ಪಕ್ಷಕ್ಕೆ ಶೇ. 14 ಮತ ಬಂದರೂ ಸಿಕ್ಕಿದ್ದು 5 ಸೀಟು. ಅದಕ್ಕಿಂತ ಕಡಿಮೆ, ಶೇ. 12 ಮತ ಪಡೆದ ಲಿಬರಲ್ ಡೆಮಾಕ್ರಾಟ್‌ಗಳಿಗೆ 72! ಇದು ನ್ಯಾಯವೇ ಎಂದು ಅಲ್ಲಿನವರೂ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು.

ಸಮೀಕ್ಷೆಗಳೂ ತಪ್ಪುತ್ತವೆ. ಆ ಚುನಾವಣೆಯ ಕೊನೆಯ ಸಮೀಕ್ಷೆಗಳಲ್ಲಿ ಹೆಚ್ಚಿನವು ಲೇಬರ್‌ಗೆ ನಿಜವಾಗಿ ಬಂದದ್ದಕ್ಕಿಂತ ಜಾಸ್ತಿ ಮತ ತೋರಿಸಿದ್ದವು.