ಐದು ಸ್ಟಾರ್ ಇದ್ದರೆ ಕಣ್ಣು ಮುಚ್ಚಿ ನಂಬಬಹುದಾ?

‘ಅಮೆರಿಕದ ನರ್ಸಿಂಗ್ ಹೋಮ್‌ಗೆ ಸರ್ಕಾರದ ಐದು ಸ್ಟಾರ್ ಇದ್ದರೆ ಎಲ್ಲವನ್ನೂ ತಪಾಸಣೆ ಮಾಡಿದ್ದಾರೆ ಎಂದರ್ಥ’ ಎಂಬ ಮೆಸೇಜ್ ಓಡಾಡುತ್ತಿದೆ. (ಅಲ್ಲಿ ನರ್ಸಿಂಗ್ ಹೋಮ್ ಅಂದರೆ ಹೆರಿಗೆ ಆಸ್ಪತ್ರೆ ಅಲ್ಲ, ಹೆಚ್ಚಾಗಿ ವಯಸ್ಸಾದವರ ಆರೈಕೆ ಕೇಂದ್ರ.) ಇದು ಅರ್ಧ ಮಾತ್ರ ನಿಜ.

2008ರಲ್ಲಿ ಶುರುವಾದ ಈ ಸ್ಟಾರ್‌ನಲ್ಲಿ ತಪಾಸಣೆ, ಸಿಬ್ಬಂದಿ, ಆರೈಕೆಯ ಗುಣಮಟ್ಟ ಮೂರೂ ಸೇರಿವೆ. ತಪಾಸಣೆಗೆ ಇನ್‌ಸ್ಪೆಕ್ಟರ್‌ಗಳು ಮೊದಲೇ ತಿಳಿಸದೆ ಬರುತ್ತಾರೆ. ಎರಡು ಭೇಟಿಗಳ ನಡುವೆ 15 ತಿಂಗಳು ಮೀರಬಾರದು ಎಂಬ ನಿಯಮವಿದೆ. ಆದರೆ ಗುಣಮಟ್ಟದ ಲೆಕ್ಕಕ್ಕೆ ಒಂದಷ್ಟು ಮಾಹಿತಿ ಕೊಡುವುದು ಆ ಕೇಂದ್ರವೇ, ವಿಚಿತ್ರ ಅಲ್ವಾ? ತಪಾಸಣೆಯ ಸ್ಟಾರ್ ಕೂಡ ಅದೇ ರಾಜ್ಯದ ಉಳಿದ ಕೇಂದ್ರಗಳ ಜೊತೆ ಹೋಲಿಸಿ ಕೊಡುವಂಥದ್ದು. ಬೇರೆ ಬೇರೆ ರಾಜ್ಯದ ಸ್ಟಾರ್‌ಗಳನ್ನು ತೂಗಿ ನೋಡಿ ಪ್ರಯೋಜನವಿಲ್ಲ. ಮೆಡಿಕೇರ್‌ನ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ‘ಕೇರ್ ಕಂಪೇರ್’ ಜಾಲತಾಣದಲ್ಲಿ ತಪಾಸಣಾ ವರದಿಯೇ ಉಚಿತವಾಗಿ ಸಿಗುತ್ತದೆ. ನನಗಂತೂ ಸ್ಟಾರ್‌ಗಿಂತ ಅದರ ಮೇಲೇ ನಂಬಿಕೆ ಜಾಸ್ತಿ.