ಮೂರು ಸಾವಿರ ಬಿಟ್ಟು ಹನ್ನೆರಡು ಸಾವಿರಕ್ಕೆ ಹೋಗಬೇಕಾ?

ಸಣ್ಣ ಪಗಾರಕ್ಕೆ ಹೋಗೋದಕ್ಕಿಂತ ಯುವನಿಧಿ (ಕೆಲಸವಿಲ್ಲದ ಪದವೀಧರರಿಗೆ ರಾಜ್ಯ ಸರ್ಕಾರ ತಿಂಗಳಿಗೆ ಕೊಡುವ ಭತ್ಯೆ) ತಗೊಂಡು ಮನೆಯಲ್ಲಿರೋದೇ ವಾಸಿ ಅಂತ ಒಂದು ಲೇಖನ ಓದಿದೆ. ಅದು ಅರ್ಧ ಲೆಕ್ಕ. ಪೂರ್ತಿ ಹಾಕಿ ನೋಡ್ರಿ.

ಕಲಬುರಗಿಯಲ್ಲಿ 12,000ದ ಕೆಲಸ ಅಂತಿಟ್ಟುಕೊಳ್ಳಿ. ಪಿಎಫ್ 12% ಅಂದ್ರೆ 1,440, ಇಎಸ್ಐ (ಕಾರ್ಮಿಕರ ಆರೋಗ್ಯ ವಿಮೆ) 0.75% ಅಂದ್ರೆ 90. ಕೈಗೆ 10,470. ಶಹಾಬಾದಿನಿಂದ ಓಡಾಡುವ ಹುಡುಗನಿಗೆ ಬಸ್ಸಿಗೆ ದಿನಕ್ಕೆ 80, ಊಟಕ್ಕೆ 50 ಹಿಡಿದರೆ 26 ದಿನಕ್ಕೆ 3,380. ಉಳಿದದ್ದು 7,090. ನಿಂತುಹೋಗುವ ಪದವೀಧರರ ಯುವನಿಧಿ 3,000 ಕಳೆದರೆ ನಿಜವಾದ ಲಾಭ 4,090. ಹುಡುಗಿಯರಿಗೆ ಶಕ್ತಿ ಯೋಜನೆಯಿಂದ ಬಸ್ ಖರ್ಚಿಲ್ಲ, ಅವರ ಲಾಭ 6,170.

ಲೇಖನ ಬಿಟ್ಟಿದ್ದು ಇದನ್ನ: ಮಾಲೀಕರೂ 1,440 ಕಟ್ಟಬೇಕು. ಅದರಲ್ಲಿ ಸುಮಾರು 1,000 ಪಿಂಚಣಿಗೆ, 440 ನಿಮ್ಮ ಪಿಎಫ್ ಖಾತೆಗೆ. ಇಎಸ್ಐ ಇದ್ದರೆ ಮನೆಮಂದಿಗೂ ಕಲಬುರಗಿಯ ಸೇಡಂ ರಸ್ತೆಯ ಇಎಸ್ಐ ಆಸ್ಪತ್ರೆಯಲ್ಲಿ ಚಿಕಿತ್ಸೆ. ಏಪ್ರಿಲ್–ಸೆಪ್ಟೆಂಬರಿನಲ್ಲಿ 78 ದಿನದ ವಂತಿಗೆ ಬಿದ್ದಿದ್ದರೆ ಮುಂದಿನ ಜನವರಿ–ಜೂನಿನಲ್ಲಿ ಕಾಯಿಲೆ ರಜೆಗೆ ಕೂಲಿಯ 70% ಸಿಗುತ್ತದೆ. ಯುವನಿಧಿಯೋ ಎರಡೇ ವರ್ಷ, ಡಿಪ್ಲೊಮಾದವರಿಗೆ ಬರೀ 1,500.

ನನಗೆ ಚಿಂತೆ ಬಿಪಿಎಲ್ ಕಾರ್ಡಿನದು. ಕುಟುಂಬದ ವಾರ್ಷಿಕ ಆದಾಯದ ಮಿತಿ 1.2 ಲಕ್ಷ, ಈ ಒಂದೇ ಪಗಾರ ವರ್ಷಕ್ಕೆ 1.44 ಲಕ್ಷ, ಅಂದ್ರೆ ಕೆಲಸಕ್ಕೆ ಹೋದರೆ ಕಾರ್ಡ್ ಕೈತಪ್ಪಬಹುದು. ಇಷ್ಟು ಕಡಿಮೆ ಮಿತಿ ದುಡಿಯುವವರಿಗೆ ಮಾಡಿದ ಅನ್ಯಾಯ.

ಪಗಾರ ನಗದಿನಲ್ಲಿ ಕೊಟ್ಟು ಪಿಎಫ್, ಇಎಸ್ಐ ತಪ್ಪಿಸುವ ಕಡೆ ಮೇಲಿನ ಲೆಕ್ಕ ನಿಲ್ಲಲ್ಲ. 20 ಮಂದಿ ಇದ್ದಲ್ಲಿ ಪಿಎಫ್, 10 ಮಂದಿ ಇದ್ದಲ್ಲಿ ಇಎಸ್ಐ ಕಡ್ಡಾಯ. ಸೇರಿದ ತಿಂಗಳೇ ಯುಎಎನ್ (ಪಿಎಫ್ ಖಾತೆಯ ನಂಬರ್) ಮತ್ತು ಇಎಸ್ಐ ನಂಬರ್ ಕೇಳಿ ಪಡೀರಿ.